ತುಂಬು ದನಿಯ ಜೋಡಿ ಪೆಟ್ಟಿಗೆ

ತಾರೀಖು ಹದಿನಾಲ್ಕು, ಭಾನುವಾರ
ಮಧ್ಯಾಹ್ನ

ನನ್ನ ಸೂಜಿಗೆ,

ದೊಡ್ಡಮ್ಮನ ಅಕ್ಷರದ ಗುರುತು ಸಿಕ್ಕಿತೇ? ಸಾಲು ಸ್ವಲ್ಪ ಗುಡ್ಡ ಹತ್ತುತ್ತದೆ, ಉಳಿದಂತೆ ಎರಡನೇ ತರಗತಿಗೆ ಶಾಲೆ ಬಿಟ್ಟವಳ ಅದೇ ಗುಂಡು ಅಕ್ಷರ. ನಿನ್ನ ಕಾಗದ ಬಂದು ಇವತ್ತಿಗೆ ಇಪ್ಪತ್ತಾರು ದಿನ. ಇದ್ದದ್ದು ಐದೇ ಸಾಲು. ಆ ಐದು ಸಾಲನ್ನು ಎಷ್ಟು ಸಲ ಬಿಚ್ಚಿ ಮಡಿಸಿದ್ದೇನೆಂದರೆ, ಮಡಿಕೆಯ ಜಾಗದಲ್ಲಿ ಹರಿದು ಈಗ ನನ್ನ ಹತ್ತಿರ ನಿನ್ನ ಎರಡು ಕಾಗದಗಳಿವೆ.

ಹೊಸ ಬಾಡಿಗೆ ಕೋಣೆ ಸಿಕ್ಕಿದೆ, ಗೋಡೆಗೊಂದು ಪುಸ್ತಕದ ಕಪಾಟಿದೆ, ಅದರಲ್ಲಿಡಲು ಸಣ್ಣದೊಂದು ಜೋಡಿ ಸ್ಪೀಕರ್ ಬೇಕು, ಹೆಚ್ಚು ದುಡ್ಡು ಹಾಕುವ ಶಕ್ತಿ ಇಲ್ಲ, ಮೊನಚು ದನಿ ಬೇಡವೇ ಬೇಡ, ಬೆಚ್ಚಗೆ ತುಂಬಿಕೊಂಡಂತೆ ಕೇಳಿಸಬೇಕು ಎಂದು ಬರೆದಿದ್ದೀ. ಕಡೆಯ ಸಾಲು: ನೀನೇ ಆರಿಸಿಕೊಡು ದೊಡ್ಡಮ್ಮ, ನಿನ್ನ ಕಿವಿಯ ಮೇಲೆ ನನಗೆ ನಂಬಿಕೆ.

ನಾಲ್ಕು ಸಾಲಿಗೆ ಉತ್ತರ ಹುಡುಕಲು ಹತ್ತು ದಿನ ಸಾಕಾಯಿತು. ಉಳಿದ ಹದಿನಾರು ದಿನ ಹಿಡಿದದ್ದು ಆ ಐದನೆಯ ಸಾಲಿಗೆ. ಮೊದಲು ಸ್ಪೀಕರಿನ ಮಾತು ಹೇಳಿಬಿಡುತ್ತೇನೆ. ಅದು ಸಲೀಸು.

ತಂತಿಯಣ್ಣನ ನೆನಪಿದೆಯೇ? ನಮ್ಮ ಬಟ್ಟೆ ಗಿರಣಿಯ ಕ್ಯಾಂಟೀನಿಗೆ ಮೈಕು ಕಟ್ಟಲು ಬರುತ್ತಿದ್ದ, ಹೆಗಲ ಮೇಲೆ ಸದಾ ತಂತಿಯ ಸುರುಳಿ ಹಾಕಿಕೊಂಡಿರುತ್ತಿದ್ದ ಬಡಕಲು ಆಸಾಮಿ. ಅವನಿಗೂ ಐವತ್ತೈದು ದಾಟಿತು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕೀಲಿ ಮಾಡುವವನ ಪಕ್ಕದಲ್ಲಿ, ಹಳೆಯ ಸ್ಪೀಕರು, ರೇಡಿಯೊ, ಕ್ಯಾಸೆಟ್ ಯಂತ್ರಗಳನ್ನು ಸೂರಿನ ತನಕ ಪೇರಿಸಿಕೊಂಡು ಅಂಗಡಿ ಇಟ್ಟಿದ್ದಾನೆ. ಒಳಗೆ ಬೆಸುಗೆಯ ಹೊಗೆ ವಾಸನೆ. ಕೂರಲು ಇರುವುದು ಒಂದೇ ಸ್ಟೂಲು, ಅದಕ್ಕೂ ಮೂರೇ ಕಾಲು ಸರಿಯಾಗಿವೆ. ಇಂಥ ಕಡೆ ಮೊದಲ ಹತ್ತು ದಿನದಲ್ಲೇ ನಾನು ನಾಲ್ಕು ಸಲ ಹೋದೆ. ಮೂರನೆಯ ಸಲಕ್ಕೆ ಅವನು, "ಅಕ್ಕಾ, ಮಗಳಿಗೆ ಸ್ಪೀಕರ್ ಹುಡುಕ್ತಿದೀರೋ, ಗಂಡು ಹುಡುಕ್ತಿದೀರೋ?" ಎಂದು ಕೇಳಿದ. "ಗಂಡು ಹುಡುಕುವಾಗ ಹೀಗೆ ಬಡಿದು ನೋಡಿರ್ಲಿಲ್ಲ ಕಣೋ, ಅದಕ್ಕೇ ಈಗ ನೋಡ್ತಿದೀನಿ" ಎಂದೆ. ನಗಲು ಹೊರಟವನು ನನ್ನ ಮುಖ ನೋಡಿ ಬೆಸುಗೆಯ ಕಡ್ಡಿ ಕೈಗೆತ್ತಿಕೊಂಡ.

ಬಡಿದು ನೋಡುವುದು ಅವನೇ ಕಲಿಸಿದ ವಿದ್ಯೆ. ಬೆರಳ ಗೆಣ್ಣಿನಿಂದ ಪೆಟ್ಟಿಗೆಯ ಪಕ್ಕಕ್ಕೆ ತಟ್ಟಬೇಕು. ಕಲ್ಲಂಗಡಿಯ ಲೆಕ್ಕ ಇಲ್ಲಿ ತಿರುಗುಮುರುಗು. ಡೊಬ್ಬ್ ಎಂದು ಟೊಳ್ಳು ಸದ್ದು ಬಂದರೆ ಬಿಟ್ಟುಬಿಡು. ಕಲ್ಲಿಗೆ ತಟ್ಟಿದಂತೆ ಸದ್ದು ಅಲ್ಲೇ ಸತ್ತರೆ ಪೆಟ್ಟಿಗೆ ಗಟ್ಟಿ. ಹಗುರ ಪೆಟ್ಟಿಗೆ ಎಷ್ಟೇ ಚೆಂದ ಹೊಳೆದರೂ ಹಾಡಿನ ಜೊತೆ ತಾನೂ ನಡುಗಿ ರಾಡಿ ಮಾಡುತ್ತದೆ. ಕೆಳಗಿನ ದೊಡ್ಡ ಸ್ಪೀಕರು ಐದಾರು ಇಂಚಾದರೂ ಇರಬೇಕು, ಅದಕ್ಕಿಂತ ಸಣ್ಣದಾದರೆ ಹಾಡಿಗೆ ಹೊಟ್ಟೆಯೇ ಇರುವುದಿಲ್ಲ. ಅಂಗಡಿಯಲ್ಲಿ ಎರಡು ಜೋಡಿ ಹೋಲಿಸುವಾಗ ಜೋರಾಗಿ ಕೂಗುವುದೇ ಚೆನ್ನ ಅನ್ನಿಸುತ್ತದೆ, ಅದಕ್ಕೆ ಮರುಳಾಗಬಾರದು. ಎರಡನ್ನೂ ಒಂದೇ ಮಟ್ಟಕ್ಕೆ ಇಳಿಸಿ ಕೇಳಬೇಕು. ಅಂಗಡಿಯವನು ಹಾಕುವ ಹಾಡನ್ನಲ್ಲ, ನಾವು ನೂರು ಸಲ ಕೇಳಿದ ಹಾಡನ್ನೇ ಹಾಕಿಸಬೇಕು. ಮೇಲ್ಗಡೆ ಒಂದು ಸಣ್ಣ ಗುಬುಟು ಇರುತ್ತದಲ್ಲ, ಟ್ವೀಟರ್ ಎನ್ನುತ್ತಾರೆ, ಮೇಲಿನ ಸ್ವರವೆಲ್ಲ ಅದರ ಪಾಲು. ಅದು ರೇಷ್ಮೆ ಬಟ್ಟೆಯದಾದರೆ ದನಿ ಸಾಮಾನ್ಯವಾಗಿ ಮೆತ್ತಗಿರುತ್ತದೆ, ಲೋಹದ್ದಾದರೆ ಕೆಲವು ಸಲ ಚುಚ್ಚುತ್ತದೆ.

ಇಷ್ಟೆಲ್ಲ ಕಲಿತು ನಾಲ್ಕನೆಯ ಸಲ ಹೋದೆ. ಮೇಜಿನ ಮೇಲೆ ಮೂರು ಜೋಡಿ ಸಾಲಾಗಿದ್ದವು. ತಂತಿಯಣ್ಣ ಗುಂಡಿ ತಿರುಗಿಸುತ್ತಾ ಒಂದೊಂದನ್ನೇ ಹಾಡಿಸಿದ. ಮೂರನೆಯದು ಶುರುವಾದದ್ದೇ ತಡ, ಎದೆಗೆ ಕಂಬಳಿ ಹೊದಿಸಿದಂತಾಯಿತು. "ಇದೇ! ಇದೇ ಇರಲಿ. ಎಷ್ಟು ಬೆಚ್ಚಗಿದೆ ನೋಡೋ!" ಎಂದು ಕೂಗಿದೆ. ಅವನು ಮೇಜು ಬಡಿದು ನಕ್ಕ. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡನಂತೆ. "ಅಕ್ಕಾ, ಇದು ರಿಪೇರಿಗೆ ಬಂದಿರೋದು. ಎರಡು ಟ್ವೀಟರೂ ಸುಟ್ಟುಹೋಗಿವೆ. ಹಾಡೋಳು ಬಾಯಿಗೆ ಬಟ್ಟೆ ತುರುಕಿಕೊಂಡ ಹಾಗಿದೆ, ಕೇಳಿಸ್ತಿಲ್ವಾ?"

ನಾನು ನಗಲಿಲ್ಲ. ಅವನು ಇನ್ನೊಂದು ಜೋಡಿ ಹಾಕಿದ, ಮತ್ತೆ ಇದನ್ನು ಹಾಕಿದ. ನನಗೆ ಎರಡೂ ಒಂದೇ. ಆಮೇಲೆ ತಂತಿ ಬಿಗಿ ಮಾಡಲು ರ‍್ಯಾಕಿನ ಹಿಂದಕ್ಕೆ ಹೋದ. ಸ್ವಲ್ಪ ಹೊತ್ತಿಗೆ ತಲೆ ಹೊರಹಾಕಿ ನನ್ನನ್ನೇ ನೋಡಿದ. ಮತ್ತೆ ಹಿಂದೆ ಹೋದ, ಮತ್ತೆ ಇಣುಕಿದ. ಕೊನೆಗೆ ನನ್ನೆದುರು ಬಂದು ಕುಕ್ಕರಗಾಲಲ್ಲಿ ಕೂತು ನಿಧಾನವಾಗಿ ಹೇಳಿದ: "ಅಕ್ಕಾ, ನಾಲ್ಕು ಸಲ ಕರೆದೆ."

ಮಗಳೇ, ನಮ್ಮ ಮಗ್ಗದ ಮನೆ ನಿನಗೆ ಗೊತ್ತು. ಊಟದ ಡಬ್ಬಿ ಕೊಡಲು ಬಂದಾಗಲೆಲ್ಲ ನೀನು ಬಾಗಿಲಲ್ಲೇ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಇನ್ನೂರು ಮಗ್ಗ ಒಟ್ಟಿಗೆ ಬಡಿಯುವಾಗ ಯಾರ ಗಂಟಲೂ ನಡೆಯುವುದಿಲ್ಲ. ನಾವು ಹೆಂಗಸರು ತುಟಿಯಲ್ಲೇ ಮಾತಾಡುತ್ತಿದ್ದೆವು. ಮೂವತ್ತು ಅಡಿ ದೂರದಿಂದ ಜಗಳ ಆಡಬಹುದಿತ್ತು, ಚಾಡಿ ಹೇಳಬಹುದಿತ್ತು. ಮೇಲ್ವಿಚಾರಕ ಎದುರೇ ನಿಂತಿರುವಾಗ ಅವನ ಬೆನ್ನ ಹಿಂದಿನವಳು ಅವನನ್ನು ಬಯ್ದರೆ ನಾನು ನಗು ನುಂಗಿಕೊಂಡು ಅವನಿಗೆ ಹೂಂ ಎನ್ನುತ್ತಿದ್ದೆ. ಯಾವ ಮಗ್ಗ ಕೆಡಲಿದೆ ಎಂದು ಮೊದಲು ಹೇಳುವವಳೂ ನಾನೇ. ಇವಳದು ಹಾವಿನ ಕಿವಿ ಎನ್ನುತ್ತಿದ್ದರು. ಆಗಲೇ ಯೋಚಿಸಬೇಕಿತ್ತು. ಹಾವಿಗೆ ಕಿವಿಯೆಲ್ಲಿದೆ? ನನಗೆ ಗೊತ್ತಾಗುತ್ತಿದ್ದದ್ದು ಅಂಗಾಲಿನಿಂದ.

ನಾನು ಕಿವುಡಿ ಎಂದು ನನಗೇ ತಿಳಿಯದಷ್ಟು ಚೆನ್ನಾಗಿ ತುಟಿ ಓದುತ್ತಿದ್ದೆ. ಜನ ಈಚೆಗೆ ಗೊಣಗುತ್ತಾರೆ, ಯಾರಿಗೂ ಬಾಯಿಬಿಟ್ಟು ಮಾತಾಡಲು ಬರುವುದಿಲ್ಲ ಎಂದು ವರ್ಷಗಟ್ಟಲೆ ಊರಿಗೆಲ್ಲ ಬಯ್ದೆ.

ತಂತಿಯಣ್ಣನೇ ಅಂಗಡಿಗೆ ಬೀಗ ಹಾಕಿ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದ. ನೀನು ಕನ್ನಡಕದ ಅಂಗಡಿಯಲ್ಲಿ ದಿನವೂ ಜನರನ್ನು ಕೂರಿಸಿ ಯಾವ ಅಕ್ಷರ ಕಾಣುತ್ತದೆ ಎಂದು ಕೇಳುತ್ತೀಯಲ್ಲ, ಇದೂ ಹಾಗೆಯೇ. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗೆಲ್ಲ ಒತ್ತಿ ಎಂದರು. ಮೊದಮೊದಲು ಒತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಪರೀಕ್ಷೆ ಮುಗಿದಿರಬೇಕು, ಯಂತ್ರದ ಮುಂದೆ ಕೂತ ಹುಡುಗಿ ಬಾಗಿಲು ತೆರೆಯಲು ಮರೆತಿದ್ದಾಳೆ ಎಂದುಕೊಂಡೆ. ಗಾಜಿನಾಚೆ ನೋಡಿದರೆ ಅವಳು ಒಂದರ ಮೇಲೊಂದು ಗುಂಡಿ ತಿರುಗಿಸುತ್ತಲೇ ಇದ್ದಳು.

ಹೊರಗೆ ಬಂದ ಮೇಲೆ ಒಂದು ಗೆರೆ ತೋರಿಸಿದಳು. ಮೊದಲು ನೆಟ್ಟಗೆ ಹೋಗಿ, ಅರ್ಧದಲ್ಲಿ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ತಗ್ಗಿನ ದನಿ ಚೆನ್ನಾಗಿಯೇ ಕೇಳುತ್ತದೆ, ಮೇಲಿನದು ಹೋಗಿದೆ, ಅದಕ್ಕೇ ನಿಮಗೆ ಎಲ್ಲವೂ ಬೆಚ್ಚಗೆ ಕೇಳಿಸುವುದು ಎಂದಳು. ನಾನು ಒಂದೇ ಪ್ರಶ್ನೆ ಕೇಳಿದೆ. ಇದು ಯಾವಾಗ ಆದದ್ದು? ಮಗ್ಗದಲ್ಲಿ ಎಷ್ಟು ವರ್ಷ ದುಡಿದಿರಿ ಎಂದು ಅವಳೇ ತಿರುಗಿ ಕೇಳಿದಳು. ಇಪ್ಪತ್ತೊಂಬತ್ತು ಎಂದೆ. "ಹಾಗಾದ್ರೆ ಇದು ನಿನ್ನೆ ಮೊನ್ನೆಯದಲ್ಲಮ್ಮ. ಮೊದಲ ಹತ್ತು ವರ್ಷದಲ್ಲೇ ಮುಕ್ಕಾಲು ಪಾಲು ಹೋಗಿರುತ್ತೆ." ಕಿವಿಯಂತ್ರ ಹಾಕಿದರೆ ಮಾತಿಗೆ ಅಷ್ಟಿಷ್ಟು ಅನುಕೂಲವಂತೆ. ಹಾಡುವ ದನಿಯ ಹೊಳಪು ಮಾತ್ರ ಹಿಂದಿರುಗುವುದಿಲ್ಲವಂತೆ.

ನಿನ್ನ ಹೆಸರಿನ ಕಥೆ ನಿನಗೆ ಹೇಳಿದ್ದೇನೆ. ನೀನು ಹುಟ್ಟಿದ ವಾರ ನನ್ನ ತಂಗಿ ಬಾಗಿಲು ಹಾಕಿ ಮಲಗಿದ್ದಳು. ನಿನ್ನ ಅಳು ಎರಡು ಗೋಡೆ ತೂರಿಕೊಂಡು ಬಂದು ನನ್ನನ್ನು ಚುಚ್ಚಿತು. ಅಬ್ಬಾ ಸೂಜಿಯೇ ಎಂದೆ. ಆ ಹೆಸರೇ ನಿಂತಿತು. ನಿನಗೆ ನಾಲ್ಕು ತುಂಬುವ ಮೊದಲೇ ನಿನ್ನಮ್ಮ ತೀರಿಹೋದಳು, ಆಮೇಲೆ ಮನೆಯಲ್ಲಿ ನಾವಿಬ್ಬರೇ. ನಿನ್ನ ದನಿ ಮೊನೆ ಕಳೆದುಕೊಂಡಿತು ಎಂದು ನನಗನ್ನಿಸಿದ್ದು ಯಾವಾಗಿನಿಂದ ಎಂದು ಈಗ ಲೆಕ್ಕ ಹಾಕುತ್ತೇನೆ. ಎದುರು ಕೂತು, ಒಗೆದ ಬಟ್ಟೆ ಮಡಿಸುತ್ತಾ ನೀನು ಹಾಡಿದರೆ ಚೆನ್ನಾಗಿಯೇ ಇರುತ್ತಿತ್ತು. ಬಚ್ಚಲಿನಿಂದ ಹಾಡಿದರೆ ಮಂಕು. ಬೆನ್ನು ತಿರುಗಿಸಿ ಹಾಡಿದರೆ ಮಂಕು. ಸೋಮಾರಿತನ, ಎದುರಿಗೆ ಹಿರಿಯರಿದ್ದರೆ ಮಾತ್ರ ಗಂಟಲು ಬಿಡುತ್ತಾಳೆ ಎಂದು ನಿನ್ನನ್ನೇ ಗದರಿದೆ.

ಆಮೇಲೆ ಆ ಕ್ಯಾಸೆಟ್. ನಿನಗಾಗ ಹದಿನೇಳು. ಬಾನುಲಿಯವರು ಹೊಸ ದನಿಗಳನ್ನು ಹುಡುಕುತ್ತಿದ್ದರು. ಮೂರು ಹಾಡು ಹಾಡಿ ಕಳಿಸಿ, ಹಿಡಿಸಿದರೆ ನಾವೇ ಕರೆಸಿ ಕಲಿಸುತ್ತೇವೆ ಎಂದಿದ್ದರು. ಕ್ಯಾಂಟೀನಿನಿಂದ ಟೇಪ್ ರೆಕಾರ್ಡರ್ ಎರವಲು ತಂದೆ. ಕಿಟಕಿಗಳಿಗೆ ಕಂಬಳಿ ಕಟ್ಟಿದೆವು. ನಾನಿದ್ದರೆ ನಗು ಬರುತ್ತದೆ ಎಂದು ನನ್ನನ್ನು ಹೊರಗೆ ಕಳಿಸಿ ನೀನೊಬ್ಬಳೇ ಹಾಡಿದೆ. ಬೆಳಿಗ್ಗೆ ಅಂಚೆಗೆ ಹಾಕುವ ಮೊದಲು ಗಿರಣಿಯ ವಿಶ್ರಾಂತಿ ಕೋಣೆಯಲ್ಲಿ ಕೂತು ಅದನ್ನು ಪೂರಾ ಕೇಳಿದೆ. ತುಟಿ ಇಲ್ಲ, ಮುಖ ಇಲ್ಲ, ಬರೀ ದನಿ. ಹಾಸಿಗೆ ಸುರುಳಿಯೊಳಗಿಂದ ಯಾರೋ ಮುಲುಗಿದಂತಿತ್ತು. ಒಂದು ಪದವೂ ಬಿಡಿಸಿ ಕೇಳಲಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲ, ಎದುರು ಕೂತಾಗ ನನ್ನ ಮಮತೆಯೇ ಸುಳ್ಳು ಹೇಳಿತ್ತು ಎಂದುಕೊಂಡೆ.

ಮುಂದಿನದು ನಿನಗೆ ಗೊತ್ತಿರುವುದೇ. ಮೂರು ತಿಂಗಳು ನೀನು ಅಂಚೆಯವನ ಸೈಕಲ್ಲಿಗೆ ಕಾದೆ. ಅವನಿಗೆ ನಿನ್ನನ್ನು ಕಂಡರೆ ಮುಜುಗರವಾಗಿ, ಎದುರುಗಡೆಯ ಸಾಲಿನ ಕಾಗದ ಮೊದಲು ಹಂಚಿ ನಮ್ಮ ಮನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದ. ಉತ್ತರ ಬರಲಿಲ್ಲ. ಒಂದು ಸಂಜೆ ನಾನು, ಬಿಡು ಮಗಳೇ, ನಿನ್ನ ದನಿಗೆ ಮೊನೆ ಇಲ್ಲ, ಅವರಿಗೂ ಹಾಗೇ ಅನ್ನಿಸಿರಬೇಕು ಎಂದೆ. ನೀನು ಅಳಲಿಲ್ಲ. ಹೋಗಿ ಪಾತ್ರೆ ತೊಳೆದೆ. ಅವತ್ತಿನಿಂದ ಬಚ್ಚಲಿನಲ್ಲೂ ಹಾಡಲಿಲ್ಲ. ಈಗ ನಲವತ್ತೊಂದನೇ ವಯಸ್ಸಿನಲ್ಲಿ ಮೊನಚು ದನಿ ಬೇಡವೇ ಬೇಡ ಎಂದು ಬರೆದಿದ್ದೀ.

ಫೋನಿನದೂ ಇದೆ. ಆರು ವರ್ಷದ ಹಿಂದೆ ನೀವು ಗಂಡ ಹೆಂಡತಿ ಮನೆ ಬದಲಾಯಿಸುತ್ತಿದ್ದಿರಿ, ಆ ಗಡಿಬಿಡಿಯ ನಡುವೆ ಒಂದು ದಿನ ನೀನು ಫೋನು ಮಾಡಿದೆ. "ಎಲ್ಲಾ ಮುರೀತು ದೊಡ್ಡಮ್ಮ" ಎಂದೆಯಂತೆ. ನನಗೆ ಕೇಳಿಸಿದ್ದು "ಎಲ್ಲಾ ಮುಗೀತು". ಸಾಮಾನು ಸಾಗಿಸಿ ಮುಗಿಯಿತು ಎಂದುಕೊಂಡು, "ಒಳ್ಳೇದಾಯ್ತು ಬಿಡು, ಇನ್ನು ಹಾಯಾಗಿ ಮಲಗು" ಎಂದೆ. ನೀನು ಫೋನು ಇಟ್ಟೆ. ಮುರಿದದ್ದು ನಿನ್ನ ಮದುವೆ ಎಂದು ಏಳು ತಿಂಗಳ ಮೇಲೆ ಯಾರ ಬಾಯಿಂದಲೋ ತಿಳಿಯಿತು. ನನಗೇಕೆ ಹೇಳಲಿಲ್ಲ ಎಂದು ನಾನೇ ಮುನಿಸಿಕೊಂಡು ಕೂತೆ! ನಿನ್ನ ಜೊತೆ ಕೆಲಸ ಮಾಡುವವಳು ಹೋದ ವರ್ಷ ಈ ಕಡೆ ಬಂದಿದ್ದಳಲ್ಲ, ನೀನು ನನಗೆ ಹೇಳಿದ್ದು, ನಾನು ಕೊಟ್ಟ ಉತ್ತರ, ಎರಡನ್ನೂ ಅವಳೇ ಹೇಳಿದಳು. ಹಾಗೆ ನಾನು ಅಂದಿರಲು ಸಾಧ್ಯವೇ ಇಲ್ಲ ಎಂದು ಅವಳ ಜೊತೆ ವಾದಿಸಿದೆ. ಸಾಧ್ಯವಿತ್ತು ಕಂದಾ. ಎದುರಿಗೆ ನಿನ್ನ ತುಟಿ ಇರಲಿಲ್ಲ.

ಇಂಥವಳ ಕಿವಿಯ ಮೇಲೆ ನಿನಗೆ ನಂಬಿಕೆ.

ಇರಲಿ, ಸ್ಪೀಕರ್ ಕೊಂಡಾಯಿತು. ರಿಪೇರಿಯ ಆ ಜೋಡಿಯನ್ನೇ. ಅದರ ಯಜಮಾನ ಹೊಸದು ಕೊಂಡು ಇದನ್ನು ಅಂಗಡಿಗೇ ಬಿಟ್ಟುಹೋಗಿದ್ದರಿಂದ ನಿನ್ನ ಅಳವಿನೊಳಗೇ ಬಂತು. ಪೆಟ್ಟಿಗೆ ಗಟ್ಟಿ, ಕೆಳಗಿನ ಸ್ಪೀಕರಿನ ಸುತ್ತ ರಬ್ಬರಿನ ಅಂಚು, ಬೇಗ ಪುಡಿಯಾಗುವುದಿಲ್ಲ. ಸುಟ್ಟ ಟ್ವೀಟರ್ ಕಿತ್ತು, ಅಳತೆಗೆ ಸರಿಯಾದ ರೇಷ್ಮೆಯದನ್ನು ತಂತಿಯಣ್ಣ ಕೂರಿಸಿದ. ಈ ಸಲ ಪರೀಕ್ಷೆಯನ್ನು ನನ್ನ ಕಿವಿಗೆ ಬಿಡಲಿಲ್ಲ. ಯಾರದೋ ಹಳೆಯ ಕ್ಯಾಸೆಟ್ ಒಂದಿತ್ತು, ಹೆಣ್ಣುದನಿ. ಅದನ್ನು ಹಾಕಲು ಹೇಳಿ ಅವನ ಎದುರು ಸ್ಟೂಲ್ ಎಳೆದುಕೊಂಡು ಕೂತೆ, ಅವನ ಮುಖ ನೋಡುತ್ತಾ.

ಮೊದಲು ಅವನು ಬೆಸುಗೆಯ ಕಡ್ಡಿ ಕೆಳಗಿಟ್ಟ. ಸ್ವಲ್ಪ ಹೊತ್ತಿಗೆ ಕನ್ನಡಕ ತೆಗೆದ. ಕೀಲಿಯವನು ಏನೋ ಕೇಳಲು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಮುಗಿದ ಮೇಲೆ ತಂತಿಯಣ್ಣನೇ ಹಿಂದಕ್ಕೆ ಸುತ್ತಿ ಮತ್ತೊಮ್ಮೆ ಹಾಕಿದ. ಎರಡನೆಯ ಸಲ ಅವನ ತುಟಿಯೂ ಹಾಡಿನ ಜೊತೆ ಸಣ್ಣಗೆ ಅಲ್ಲಾಡುತ್ತಿತ್ತು. "ಯಾರಕ್ಕಾ ಇದು? ಗಾಜಿನ ಮೇಲೆ ಗೆರೆ ಎಳೆದ ಹಾಗಿದೆ ದನಿ. ಈಗ ಎಲ್ಲಿ ಹಾಡ್ತಿದಾರೆ?" ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ.

ಇವತ್ತು ಪಾರ್ಸೆಲ್ ಕಟ್ಟಿದ್ದೇವೆ, ನಾಳೆ ಕಳಿಸುತ್ತೇವೆ. ಬಂದ ಮೇಲೆ ಹೀಗೆ ಮಾಡು. ಕಪಾಟಿನ ಗೋಡೆಗೆ ಒತ್ತಿ ಇಡಬೇಡ, ಹಿಂದೆ ಒಂದು ಗೇಣು ಜಾಗ ಬಿಡು. ಪೆಟ್ಟಿಗೆಯ ಬೆನ್ನಿಗೆ ಗಾಳಿಯ ತೂತಿದೆ, ಗೋಡೆಗೆ ತಾಗಿದರೆ ತಗ್ಗಿನ ಸ್ವರ ಗುಮ್ಮೆಂದು ಊದಿಕೊಳ್ಳುತ್ತದೆ. ಟ್ವೀಟರ್ ನೀನು ಕೂತಾಗ ಕಿವಿಯ ಮಟ್ಟಕ್ಕೆ ಬರಲಿ. ಎರಡರ ನಡುವೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ನೀನು ಕೂರು. ಪೆಟ್ಟಿಗೆಗಳ ತಳಕ್ಕೆ ಮೆತ್ತಗಿನ ಬಟ್ಟೆಯ ತುಂಡು ಹಾಕು, ನನ್ನ ಹಳೆಯ ಶಾಲಿನಿಂದ ಎಂಟು ಚೌಕ ಕತ್ತರಿಸಿ ಜೊತೆಗೆ ಇಟ್ಟಿದ್ದೇನೆ. ಮೊದಲ ದಿನ ದನಿ ಬಿಗಿಯಾಗಿದೆ ಅನ್ನಿಸಬಹುದು, ನಾಲ್ಕು ದಿನ ಹಾಡಲು ಬಿಡು.

ಫೋನು ಮಾಡಬೇಡ. ಬರೆ. ಬರೆಯುವಷ್ಟೂ ಮನಸ್ಸಿಲ್ಲದಿದ್ದರೆ ಬಂದು ಎದುರು ಕೂತು ಬಯ್ಯಿ. ಬೆಳಕಿನ ಕಡೆ ಮುಖ ಮಾಡಿ ಬಯ್ಯಿ, ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತೇನೆ.

ಇಷ್ಟು ವರ್ಷ ನಿನ್ನ ಮುಖ ನೋಡಿಯೇ ನಿನ್ನನ್ನು ಕೇಳಿದ,
ದೊಡ್ಡಮ್ಮ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅದು ಯಾರದೋ ಕ್ಯಾಸೆಟ್ ಅಲ್ಲ, ನಿನ್ನದೇ. ಗಿರಣಿಯಲ್ಲಿ ಅದನ್ನು ಕೇಳಿದ ದಿನ ಅಂಚೆ ಡಬ್ಬಿಯ ತನಕ ಹೋಗಿದ್ದೆ. ನನ್ನ ಕೂಸನ್ನು ನೋಡಿ ಅವರು ನಗಬಾರದು ಎಂದು ವಾಪಸು ತಂದು, ಟ್ರಂಕಿನಲ್ಲಿ ಸೀರೆಯ ಕೆಳಗಿಟ್ಟೆ. ಕಳಿಸಿದೆ ಎಂದು ನಿನಗೆ ಹೇಳಿದೆ. ಮೂರು ತಿಂಗಳು ನೀನು ಬಾಗಿಲಲ್ಲಿ ನಿಂತಾಗ ನಾನೂ ನಿನ್ನ ಪಕ್ಕದಲ್ಲೇ ನಿಂತಿದ್ದೆ. ತಂತಿಯಣ್ಣನ ತುಟಿಯ ಮೇಲೆ ನಾನು ಓದಿದ ಪದ "ಸೂಜೀ ಸೂಜೀ, ದಾರ ತಾರೇ" ಎಂದು. ನಿನ್ನಮ್ಮ ನಿನ್ನನ್ನು ಮಲಗಿಸುವಾಗ ತಾನೇ ಕಟ್ಟಿ ಹಾಡುತ್ತಿದ್ದದ್ದು. ನಿನಗೆ ಅದು ನೆನಪಿದೆ ಎಂದೇ ನಾನು ತಿಳಿದಿರಲಿಲ್ಲ. ಮೂರನೆಯದಾಗಿ ಅದನ್ನೇ ಹಾಡಿದ್ದೆಯಲ್ಲೇ. ಕ್ಯಾಸೆಟ್ಟನ್ನು ಹಳೆಯ ಲಕೋಟೆಯಲ್ಲೇ ಇಟ್ಟು ಎಡಗಡೆಯ ಪೆಟ್ಟಿಗೆಯ ಬೆನ್ನಿಗೆ ಕಟ್ಟಿದ್ದೇನೆ. ಬಾನುಲಿಯ ವಿಳಾಸ ನಿನ್ನ ಅಕ್ಷರದಲ್ಲೇ ಇದೆ. ಅಂಚೆ ಚೀಟಿ ಹಚ್ಚಿದ್ದು ಹಾಗೆಯೇ ಇದೆ, ಮುದ್ರೆ ಬಿದ್ದಿಲ್ಲ.